ನನಗೆ ನಾನೇ ಕ್ರಿಸ್‌ಮಸ್ ಫ್ರೆಂಡ್

ಅಥವಾ ಅದು ಎರಡನೆಯ ವಾರವೇ ಇದ್ದಿರಬಹುದು. ಗುಲಾಬಿ ಬಣ್ಣದ ಮೇಣದಬತ್ತಿ ಉರಿಯುತ್ತಿತ್ತು ಎಂದು ನನ್ನ ನೆನಪು ಹೇಳುತ್ತದೆ, ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರಗಳಲ್ಲಿ ಗುಲಾಬಿ ಬತ್ತಿ ಹಚ್ಚುವುದು ಮೂರನೆಯ ವಾರ, ಆದ್ದರಿಂದ ಅದು ಮೂರನೆಯ ವಾರವೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ನನ್ನ ನೆನಪಿನ ಸ್ವಭಾವ ನನಗೆ ಗೊತ್ತು. ಅದು ಮದುವೆಮನೆಯ ಫೋಟೋಗ್ರಾಫರನ ಹಾಗೆ. ನಡೆದದ್ದನ್ನು ನಡೆದ ಹಾಗೆ ತೆಗೆಯುವುದಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬೆಳಕು ಸರಿಮಾಡಿ, ಅಳುವ ಮಗುವನ್ನು ಆಚೆ ಕಳಿಸಿ, "ಸ್ವಲ್ಪ ನಗಿ" ಎಂದು ಹೇಳಿ ಆಮೇಲೆ ಒತ್ತುತ್ತದೆ. ಗುಲಾಬಿ ಬತ್ತಿ ಸಂತೋಷದ ವಾರದ್ದು ಎಂದು ನಮ್ಮ ಶಾಲೆಯ ಸಿಸ್ಟರ್ ಹೇಳಿದ್ದರು. ನನಗೆ ಸಂತೋಷವಾದ ದಿನ ಗುಲಾಬಿ ಬತ್ತಿಯೇ ಉರಿಯುತ್ತಿತ್ತು ಎಂಬುದು ತೀರ ಚೆಂದವಾಗಿ ಕೂಡಿಕೊಳ್ಳುತ್ತದೆ. ಚೆಂದವಾಗಿ ಕೂಡಿಕೊಳ್ಳುವ ನೆನಪುಗಳನ್ನು ನಾನು ನಂಬುವುದಿಲ್ಲ. ಹಾಗಿದ್ದರೂ ಹೇಳುತ್ತೇನೆ. ಬೇರೆ ನೆನಪು ನನ್ನ ಬಳಿ ಇಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷ ಆಗಿದ್ದಿರಬೇಕು. ಕೊಪ್ಪದಿಂದ ನರಸಿಂಹರಾಜಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಸ್ಟರುಗಳು ನಡೆಸುತ್ತಿದ್ದ, ಎಲ್‌ಕೆಜಿಯಿಂದ ಹತ್ತನೆಯವರೆಗಿನ ಒಂದು ಶಾಲೆಗೆ ನಾನು ಆ ಜೂನಿನಲ್ಲಿ ಕನ್ನಡ ಮೇಷ್ಟ್ರಾಗಿ ಸೇರಿದ್ದೆ. ಸಂಧ್ಯಾವಂದನೆ ಬಿಟ್ಟು ಎಷ್ಟೋ ಕಾಲವಾಗಿದ್ದವನು. ಬೆಳಗಿನ ಅಸೆಂಬ್ಲಿಯಲ್ಲಿ ಎಲ್ಲರ ಜೊತೆ ಕೈಮುಗಿದು ನಿಲ್ಲುವುದೇ ನನ್ನ ದಿನದ ಮೊದಲ ಮತ್ತು ಕೊನೆಯ ಪ್ರಾರ್ಥನೆಯಾಗಿತ್ತು. ಆರು ತಿಂಗಳಾದರೂ ಸ್ಟಾಫ್ ರೂಮಿನಲ್ಲಿ ನನ್ನ ಸ್ಥಾನ ಏನೆಂದು ತೀರ್ಮಾನವಾಗಿರಲಿಲ್ಲ. ನಾನು ಹೋದರೆ ಮಾತು ನಿಲ್ಲುತ್ತಿರಲಿಲ್ಲ, ಬಂದರೆ ಮಾತು ಶುರುವಾಗುತ್ತಲೂ ಇರಲಿಲ್ಲ. ಒಟ್ಟು ಹದಿನಾಲ್ಕು ಜನ. ಅವರಲ್ಲಿ ನಿಮಗೆ ಮೂವರು ಗೊತ್ತಿದ್ದರೆ ಸಾಕು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬೆನೀಟಾ, ಮಂಗಳೂರು ಕಡೆಯವರು, ಮೆತ್ತಗೆ ಮಾತಾಡಿ ಎಲ್ಲರನ್ನೂ ಹೆದರಿಸುತ್ತಿದ್ದರು. ಗಣಿತದ ಲವೀನಾ ಟೀಚರ್, ಯಾವ ವಿಷಯ ಬಂದರೂ ಅದಕ್ಕೊಂದು ಚಿತ್ರ ಬರೆದು ತೋರಿಸುವವರು. ಹಿರೇಕೊಡಿಗೆಯಿಂದ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದ ಡ್ರಿಲ್ ಮೇಷ್ಟ್ರು ಗೌಡರು, ಎಷ್ಟು ಮೆತ್ತಗೆ ಮಾತಾಡಿದರೂ ಗೇಟಿನವರೆಗೆ ಕೇಳುತ್ತಿತ್ತು.

ನವೆಂಬರ್ ಕೊನೆಗೆ ಶಾಲೆಯ ಬಣ್ಣ ಬದಲಾಯಿತು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ದಿನಗಳಿಗೆ ಆಗಮನ ಕಾಲ ಎನ್ನುತ್ತಾರೆ. ಬರಲಿರುವವನಿಗಾಗಿ ಕಾಯುವ ಕಾಲ. ಗಾಳಿಮರದ ಸೊಪ್ಪು ಸುತ್ತಿದ ಒಂದು ದೊಡ್ಡ ಬಳೆ, ಅದರ ಮೇಲೆ ನಾಲ್ಕು ಮೇಣದಬತ್ತಿ, ಮೂರು ನೇರಳೆ, ಒಂದು ಗುಲಾಬಿ. ಚರ್ಚಿನಲ್ಲಿ ಭಾನುವಾರ ಹಚ್ಚಿದ್ದನ್ನು ನಮ್ಮಲ್ಲಿ ಸೋಮವಾರದ ಅಸೆಂಬ್ಲಿಯಲ್ಲಿ, ವಾರಕ್ಕೊಂದರಂತೆ ಹೆಚ್ಚಿಸಿಕೊಂಡು ಹಚ್ಚುತ್ತಿದ್ದರು. ಮೊದಲ ಸೋಮವಾರ ಒಂದೇ ಬತ್ತಿ ಉರಿಯುತ್ತಿರುವಾಗ ಗೌಡ ಮೇಷ್ಟ್ರು ನನ್ನ ಕಿವಿಯಲ್ಲಿ, "ಉಳಿದ ಮೂರೂ ಹಚ್ಚಿ ಮುಗಿಸಬಾರದಾ ಮಾರಾಯ್ರೆ, ಬೆಂಕಿಪೊಟ್ಟಣ ಹೆಂಗೂ ಕೈಯಲ್ಲಿದೆ" ಎಂದರು. ಕಿವಿಯಲ್ಲಿ ಹೇಳಿದ್ದು ಏಳನೇ ಕ್ಲಾಸಿನ ಸಾಲಿಗೂ ಕೇಳಿತು. ಸಿಸ್ಟರ್ ತಿರುಗಿಯೂ ನೋಡದೆ, "ಕಾಯ್ಲಿಕ್ಕೆ ಕಲಿಯುವುದೇ ಪಾಠ ಮಾಷ್ಟ್ರೆ" ಎಂದರು.

ವರಾಂಡದ ತುದಿಯಲ್ಲಿ ಗೋದಲಿ ಏಳತೊಡಗಿತು. ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ ಅದು. ಬೇಕಾದ ಹುಲ್ಲನ್ನು ಗೌಡ ಮೇಷ್ಟ್ರೇ ತಂದರು, ತಂದವರು ಸುಮ್ಮನಿರದೆ ಕೊಟ್ಟಿಗೆಯ ಬಗ್ಗೆ ಅಭಿಪ್ರಾಯವನ್ನೂ ಕೊಟ್ಟರು: ಎತ್ತು ಕುರಿಗಿಂತ ಸಣ್ಣದಾಗಿದೆ, ಈ ಮಾಡಿಗೆ ಇಳಿಜಾರು ಸಾಲದು, ಇಂಥ ಕೊಟ್ಟಿಗೆ ನಮ್ಮ ಕಡೆ ಒಂದು ಮಳೆಗಾಲ ನಿಲ್ಲುವುದಿಲ್ಲ. ಅಪ್ಪಂದಿರಿಗೆ ಗದ್ದೆ ತೋಟ ಇದ್ದ ಮಕ್ಕಳೆಲ್ಲ ಮರದ ಪಾಚಿ, ಬಣ್ಣದ ಕಲ್ಲು ತಂದು ಸುರಿದರು. ಶೃಂಗೇರಿ ಕಡೆಯ ಒಂದು ಹುಡುಗಿ ಮನೆಯ ದಸರಾ ಗೊಂಬೆಗಳಲ್ಲಿ ಒಂದನ್ನು, ಅಂಗಡಿ ಇಟ್ಟುಕೊಂಡು ಕೂತ ಡೊಳ್ಳುಹೊಟ್ಟೆಯ ಶೆಟ್ಟಿಯನ್ನು, ಕರವಸ್ತ್ರದಲ್ಲಿ ಸುತ್ತಿ ತಂದು, "ಸಿಸ್ಟರ್, ಪಾಪು ಹುಟ್ಟಿದ ಮನೇಲಿ ಅಕ್ಕಿ ಬೇಳೆ ಬೇಕಲ್ವಾ?" ಎಂದು ಕೇಳಿದಳು. ನಾವೆಲ್ಲ ಸಿಸ್ಟರ ಮುಖ ನೋಡಿದೆವು. ಅವರು ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಬೇಕು ಮಗಾ" ಎಂದು ಕುರುಬರ ಪಕ್ಕದಲ್ಲಿ ಕೂರಿಸಿದರು. ಆ ವರ್ಷ ಬೆತ್ಲೆಹೇಮಿಗೆ ದಿನಸಿ ಅಂಗಡಿ ಬಂತು.

ಇನ್ನು ನನ್ನ ಕಷ್ಟಕ್ಕೆ ಬರುತ್ತೇನೆ. ಆ ಶಾಲೆಯಲ್ಲಿ ಕ್ರಿಸ್‌ಮಸ್ ಫ್ರೆಂಡ್ ಎಂಬ ಪದ್ಧತಿ ಇತ್ತು. ಎಲ್ಲ ಮೇಷ್ಟ್ರು ಟೀಚರುಗಳ ಹೆಸರನ್ನು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುವುದು, ಒಬ್ಬೊಬ್ಬರೂ ಒಂದೊಂದು ಎತ್ತುವುದು. ಎತ್ತಿದ ಚೀಟಿಯಲ್ಲಿ ಯಾರ ಹೆಸರಿದೆಯೋ ಅವರು ನಿಮ್ಮ ಫ್ರೆಂಡ್. ನಾಲ್ಕು ವಾರ ಅವರಿಗೆ ಗೊತ್ತಾಗದ ಹಾಗೆ ಅವರಿಗಾಗಿ ಪ್ರಾರ್ಥನೆ ಮಾಡಬೇಕು, ವಾರಕ್ಕೊಮ್ಮೆ ಅವರ ಡ್ರಾಯರಿನಲ್ಲಿ ಸಣ್ಣದೊಂದು ಉಡುಗೊರೆಯನ್ನೂ ಒಂದು ಚೀಟಿಯನ್ನೂ ಇಡಬೇಕು. ರಜೆಗೆ ಮುಂಚಿನ ಕಾರ್ಯಕ್ರಮದಲ್ಲಿ ಇಡೀ ಶಾಲೆಯ ಎದುರು ಯಾರು ಯಾರ ಫ್ರೆಂಡ್ ಎಂದು ಬಯಲು ಮಾಡಬೇಕು. ಡಬ್ಬಿ ಹಿಡಿದು ಬಂದ ಸಿಸ್ಟರ್ ಒಂದೇ ನಿಯಮ ಹೇಳಿದರು: "ನಿಮ್ಮದೇ ಹೆಸರು ಬಂದ್ರೆ ಈಗಲೇ ಹೇಳಿ. ಆಮೇಲೆ ಹೇಳಿದ್ರೆ ಎಲ್ಲರೂ ಮತ್ತೆ ಎತ್ತಬೇಕಾಗ್ತದೆ." ಎಲ್ಲರೂ ಅಲ್ಲೇ ಬಿಡಿಸಿ, ಕಳ್ಳರ ಹಾಗೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಾನು ಮಾತ್ರ ಬಿಡಿಸಲಿಲ್ಲ. ಗಂಭೀರ ಮನುಷ್ಯನಾದವನು ಚೀಟಿಗಾಗಿ ಹೀಗೆ ಹಂಬಲಿಸಬಾರದು ಎಂದುಕೊಂಡು ಅದನ್ನು ಅಂಗಿಯ ಜೇಬಿಗೆ ಹಾಕಿ, ಬೆಲ್ ಆಗುವ ಮೊದಲೇ ಕ್ಲಾಸಿಗೆ ನಡೆದೆ. ಗಾಂಭೀರ್ಯದಿಂದ ನನಗೆ ಲಾಭವಾದ ಒಂದು ಪ್ರಸಂಗವೂ ಇಲ್ಲ.

ಭಾನುವಾರ ಬಟ್ಟೆ ನೆನೆಹಾಕುತ್ತಿದ್ದ ನನ್ನ ಹೆಂಡತಿ ವಸುಧಾ ಚೀಟಿ ಹಿಡಿದು ಬಂದಳು. "ಎಂತ ಇದು? ನಿಮ್ಮ ಹೆಸರು ನೀವೇ ಬರ್ಕಂಡು ಜೇಬಲ್ಲಿ ಇಟ್ಕಂಡು ತಿರುಗ್ತೀರಾ? ಕಳೆದುಹೋದ್ರೆ ಯಾರಾದ್ರೂ ಮನೆಗೆ ತಂದು ಬಿಡ್ಲಿ ಅಂತನಾ?"

ಚೀಟಿ ನೋಡಿದೆ. ನನ್ನದೇ ಹೆಸರು, ಇನಿಷಿಯಲ್ ಸಮೇತ.

"ನಾಳೆ ಹೋಗಿ ಸಿಸ್ಟರ್ ಹತ್ರ ಹೇಳಿಬಿಡಿ, ಮುಗಿದೋಯ್ತು" ಎಂದಳು. ಹೇಳಲೆಂದೇ ಹೋದೆ. ಆದರೆ ನಾನು ಸ್ಟಾಫ್ ರೂಮಿಗೆ ಕಾಲಿಡುವ ಹೊತ್ತಿಗೆ ಎಲ್ಲರ ಡ್ರಾಯರುಗಳೂ ತುಂಬಿ, ಎಲ್ಲರ ಚೀಟಿಗಳೂ ಬಯಲಿಗೆ ಬಂದಿದ್ದವು. ಲವೀನಾ ಟೀಚರಿಗೆ ಬಣ್ಣದ ಚಾಕ್‌ಪೀಸ್ ಡಬ್ಬಿ. ಗೌಡ ಮೇಷ್ಟ್ರಿಗೆ ಹೊಸ ವಿಶಲ್. ಅದನ್ನು ಅವರು ಒಳಗೇ ಊದಿ ನೋಡಿದ್ದರು. ಇಷ್ಟು ಸಂಭ್ರಮದ ನಡುವೆ "ಎಲ್ಲ ರದ್ದು ಮಾಡಿ, ಮತ್ತೆ ಚೀಟಿ ಎತ್ತೋಣ" ಎಂದು ಹೇಳುವವನು, ಆರು ತಿಂಗಳ ಹಿಂದೆ ಸೇರಿದವನು, ಹೇಗಿದ್ದಿರಬೇಕು ನೀವೇ ಯೋಚಿಸಿ. ಹಿಂದೊಮ್ಮೆ ಯಾರೋ ಹಾಗೆ ಹೇಳಿ ಮತ್ತೆ ಎತ್ತಿಸಿದ್ದರಂತೆ. ಅವರು ಶಾಲೆ ಬಿಟ್ಟುಹೋದ ಮೇಲೂ ಅವರಿಗೆ ಬೈಗುಳ ನಿಂತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ಆ ಕ್ಷಣದಿಂದ ನನ್ನ ಮುಂದೆ ಇದ್ದದ್ದು ಒಂದೇ ಚಿಂತೆ: ಕೊನೆಯ ದಿನ ವೇದಿಕೆಯ ಮೇಲೆ ಏನು ಗತಿ?

ಅದಕ್ಕೂ ಮೊದಲು ಅನುಕಂಪವನ್ನು ಎದುರಿಸಬೇಕಾಯಿತು. ನನ್ನ ಡ್ರಾಯರಿನಲ್ಲಿ ಡಸ್ಟರ್ ಮಾತ್ರ ಇತ್ತು. "ನಿಮ್ಮ ಫ್ರೆಂಡು ಯಾರೋ ಭಾರಿ ಜಿಪುಣ ಮಾರಾಯ್ರೆ" ಎಂದರು ಗೌಡ ಮೇಷ್ಟ್ರು. ಲವೀನಾ ಟೀಚರ್ ತಮ್ಮ ಚಾಕ್‌ಪೀಸುಗಳಲ್ಲಿ ಎರಡನ್ನು, ಹಸಿರು ಒಂದು ಹಳದಿ ಒಂದು, ನನಗೆ ಕೊಟ್ಟರು. ಅವಮಾನ ತಡೆದುಕೊಳ್ಳಬಹುದು, ಹಸಿರು ಚಾಕ್‌ಪೀಸ್ ತಡೆದುಕೊಳ್ಳುವುದು ಕಷ್ಟ. ಅಂದೇ ಸಂಜೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರದ ಫ್ಯಾನ್ಸಿ ಸ್ಟೋರಿಗೆ ಹೋದೆ.

"ಯಾರಿಗೆ ಸರ್?" ಎಂದ ಅಂಗಡಿಯವನು.

"ಒಬ್ಬ ಸ್ನೇಹಿತರಿಗೆ."

"ಎಂಥ ಜನ? ಅವರಿಗೆ ಎಂತ ಇಷ್ಟ?"

ಎಂಥ ಜನ? ನಲವತ್ತು ವರ್ಷ ಜೊತೆಗಿದ್ದವನ ಬಗ್ಗೆ ಒಂದು ವಾಕ್ಯ ಹೊರಡಲಿಲ್ಲ. ಅವನಿಗೆ ಕಾಫಿ ಇಷ್ಟ, ಮಧ್ಯಾಹ್ನದ ನಿದ್ದೆ ಇಷ್ಟ, ಬೇರೆಯವರು ತಪ್ಪು ಮಾಡಿದಾಗ ತಿದ್ದುವುದು ಇಷ್ಟ. ಇವು ಯಾವುವೂ ಪ್ಯಾಕ್ ಮಾಡಿಸುವಂಥವಲ್ಲ. ಕೊನೆಗೆ ಅಂಗಡಿಯವನೇ ಬೇಸತ್ತು, "ಹೆಚ್ಚು ಪರಿಚಯ ಇಲ್ಲ ಅಂತ ಕಾಣ್ತದೆ. ಪೆನ್ನು ಕೊಡಿ ಸರ್, ಪೆನ್ನು ಯಾರಿಗಾದ್ರೂ ಆಗ್ತದೆ" ಎಂದು ಒಂದು ಪೆನ್ನನ್ನು ಬಣ್ಣದ ಕಾಗದದಲ್ಲಿ ಸುತ್ತಿಕೊಟ್ಟ.

ಪ್ರಾರ್ಥನೆಯ ಭಾಗದಲ್ಲಿ ನನಗೆ ತೊಂದರೆ ಆಗಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಬೇರೆಯವರು ನಾಲ್ಕು ವಾರ ಇನ್ನೊಬ್ಬರ ಒಳಿತಿಗಾಗಿ ಬೇಡಿಕೊಳ್ಳಲು ಪಾಡುಪಡುತ್ತಿದ್ದರು. ನನ್ನ ಪ್ರಾರ್ಥನೆ ಎಂದಿನ ಹಾಗೆಯೇ ಮುಂದುವರಿಯಿತು. ಒಂದು ಶಬ್ದ ಬದಲಾಯಿಸುವ ಅಗತ್ಯ ಬೀಳಲಿಲ್ಲ.

ತೊಂದರೆ ಆದದ್ದು ಚೀಟಿಯಲ್ಲಿ. ಗುರುತು ಸಿಗದಿರಲಿ ಎಂದು ಎಡಗೈಯಲ್ಲಿ ಬರೆದೆ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು, ನಾಲಿಗೆ ಹೊರಗೆ ಹಾಕಿ, ಅರ್ಧ ಗಂಟೆ. ವಸುಧಾ ಬಾಣಲೆ ಇಳಿಸಿ ಬಂದು ಬಗ್ಗಿ ಓದಿದಳು. ‘ನಿಮ್ಮ ಪಾಠ ಕೇಳುವ ಮಕ್ಕಳು ಧನ್ಯರು.’ ಮತ್ತೆ ಒಲೆಯ ಹತ್ತಿರ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಅವಳ ಭುಜ ಅಲುಗಾಡುವುದು ಕಂಡಿತು. ಒಗ್ಗರಣೆಯ ಘಾಟು ಎಂದುಕೊಂಡೆ.

ಎರಡನೆಯ ಸೋಮವಾರ ನನ್ನ ಡ್ರಾಯರಿನಿಂದ ಪೊಟ್ಟಣ ಹೊರಬಂದಾಗ ಸ್ಟಾಫ್ ರೂಮಿಗೆ ನಿಜವಾಗಿಯೂ ಸಂತೋಷವಾಯಿತು. ಅದೇ ನನಗೆ ಹೆಚ್ಚು ಚುಚ್ಚಿದ್ದು. ಗೌಡ ಮೇಷ್ಟ್ರು ಚೀಟಿ ಕಸಿದುಕೊಂಡು ಗಟ್ಟಿಯಾಗಿ ಓದಿದರು. "ಮಕ್ಕಳು ಧನ್ಯರಂತೆ! ಹೋಯ್, ಯಾರು ಮಾರಾಯ್ರೆ ಇಷ್ಟು ದೊಡ್ಡ ಸುಳ್ಳು ಬರೆದದ್ದು? ಎಂಟನೇ ಕ್ಲಾಸಿನವು ಇವರ ಪೀರಿಯಡ್ಡಲ್ಲಿ ನಿದ್ದೆ ಮಾಡಿಯೇ ನನ್ನ ಪೀರಿಯಡ್ಡಲ್ಲಿ ಅಷ್ಟು ಚೆನ್ನಾಗಿ ಓಡೋದು!" ಲವೀನಾ ಟೀಚರ್ ಅಕ್ಷರ ಪರೀಕ್ಷಿಸಿ, "ಯಾರೋ ಎಲ್‌ಕೆಜಿ ಮಗುವಿನ ಹತ್ರ ಬರೆಸಿದ್ದಾರೆ ಸರ್. ನೋಡಿ, ಸಾಲು ಬೆಟ್ಟ ಹತ್ತಿದೆ" ಎಂದರು. ಸಿಸ್ಟರ್ ಮಾತ್ರ ನಗಲಿಲ್ಲ. "ಹೊಗಳುವುದು ಸುಲಭ. ಫ್ರೆಂಡನ್ನು ಸ್ವಲ್ಪ ನೋಡಿ ಬರೆದ್ರೆ ಒಳ್ಳೇದಿತ್ತು" ಎಂದು ಹೇಳಿ ಹೋದರು. ಯಾರನ್ನು ಉದ್ದೇಶಿಸಿ ಹೇಳಿದರೋ, ತಾಗಿದ್ದು ನನಗೇ.

ಮೂರನೆಯ ವಾರ, ಅದು ಮೂರನೆಯದೇ ಆಗಿದ್ದರೆ, ನಾನು ನನಗೊಂದು ಕರವಸ್ತ್ರ ಕೊಡುವುದೆಂದು ತೀರ್ಮಾನಿಸಿದ್ದೆ. ಎಲ್ಲರಿಗಿಂತ ಮುಂಚೆ ಹೋಗಿ ಡ್ರಾಯರ್ ಎಳೆದರೆ, ಒಳಗೆ ಆಗಲೇ ಒಂದು ಪೊಟ್ಟಣ ಇತ್ತು.

ಕಳ್ಳನ ಮನೆಗೆ ಯಾರೋ ಬಂದು ಸಾಮಾನು ಇಟ್ಟುಹೋದ ಹಾಗಾಯಿತು. ಬಿಚ್ಚಿದೆ. ಕುಸ್ವಾರ್. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮಾಡುವ ತಿಂಡಿಗಳಿಗೆಲ್ಲ ಒಟ್ಟಾಗಿ ಹಾಗೆನ್ನುತ್ತಾರೆ. ಕರ್ಜಿಕಾಯಿಯ ತಂಗಿಯಂಥ ನೆವ್ರಿ ಮೂರು, ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಕಿಡಿಯೊ ಒಂದು ಹಿಡಿ. ಅಡಿಯಲ್ಲಿ ಚೀಟಿ, ದುಂಡಗಿನ ಅಕ್ಷರ, ಕಾಪಿ ಪುಸ್ತಕ ಬರೆದು ಅಭ್ಯಾಸವಿದ್ದ ಯಾರದ್ದಾದರೂ ಆಗಬಹುದು. ‘ಬೆಳಿಗ್ಗೆ ಬಂದ ಕೂಡಲೇ ನೀವು ಗೋದಲಿಯ ಹತ್ತಿರ ಹೋಗಿ ಶೆಟ್ಟಿ ಗೊಂಬೆಯ ಮುಖವನ್ನು ಮಗುವಿನ ಕಡೆ ತಿರುಗಿಸುತ್ತೀರಿ. ನಾನು ನೋಡಿದ್ದೇನೆ.’

ಅಷ್ಟೇ. ಹೊಗಳಿಕೆ ಇಲ್ಲ, ಶುಭಾಶಯ ಇಲ್ಲ. ಅದು ನಿಜವೂ ಆಗಿತ್ತು. ಮಕ್ಕಳು ಸಂಜೆ ಆಡುವಾಗ ಆ ಗೊಂಬೆಯನ್ನು ಹೇಗೆಹೇಗೋ ತಿರುಗಿಸಿ ಹೋಗುತ್ತಿದ್ದವು. ಅಷ್ಟು ದೂರದಿಂದ ಅಕ್ಕಿ ಬೇಳೆ ಹೊತ್ತು ಬಂದವನು ಗೋಡೆ ನೋಡಿಕೊಂಡು ಕೂತಿರುವುದು ನನಗೆ ಸರಿ ಕಾಣುತ್ತಿರಲಿಲ್ಲ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಸರಿಪಡಿಸುತ್ತಿದ್ದೆ. ಆ ಬೆಳಿಗ್ಗೆ ಅಸೆಂಬ್ಲಿಯಲ್ಲಿ ಗುಲಾಬಿ ಬತ್ತಿಗೆ ಕಡ್ಡಿ ತಾಗಿಸುವಾಗ ನಾನು ಕಾರಣವಿಲ್ಲದೆ ನಗುತ್ತಾ ನಿಂತಿದ್ದೆ. ನಗು ನಿಂತದ್ದು ಇನ್ನೊಂದು ಯೋಚನೆ ಬಂದ ಮೇಲೆ. ನನಗೆ ಫ್ರೆಂಡ್ ಇಲ್ಲ ಎಂದು ಗೊತ್ತಿರುವವರು ಮಾತ್ರ ಹೀಗೆ ಇಡಲು ಸಾಧ್ಯ. ಅಂದರೆ ಯಾರಿಗೋ ನನ್ನ ಗುಟ್ಟು ಗೊತ್ತಿದೆ. ಎಡಗೈ ಅಕ್ಷರವೂ, ಧನ್ಯರಾದ ಮಕ್ಕಳೂ.

ತನಿಖೆ ನಡೆಸಿದೆ. ವಸುಧಾ ಒಂದು ನೆವ್ರಿ ಬಾಯಿಗೆ ಹಾಕಿಕೊಂಡು, "ಇದನ್ನ ಮಾಡಕ್ಕೆ ಬರ್ತಿದ್ರೆ ನಾನು ಡ್ರಾಯರಲ್ಲಿ ಇಟ್ಟು ಕೂರ್ತಿದ್ನಾ?" ಎಂದು ಇನ್ನೊಂದಕ್ಕೆ ಕೈಹಾಕಿದಳು. ಲವೀನಾ ಟೀಚರ ಮುಂದೆ ನಾನು ಕುಸ್ವಾರಿನ ವಿಷಯ ಎತ್ತಿದರೆ ಅವರು ಕಿಡಿಯೊ ಸುರುಳಿ ಸುತ್ತುವ ಕ್ರಮವನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದರು. ಗೌಡ ಮೇಷ್ಟ್ರು ನನ್ನನ್ನೇ ಅನುಮಾನದಿಂದ ನೋಡಿ, "ನಿಮ್ಮ ಫ್ರೆಂಡಿಗೆ ಒಂದೇ ವಾರದಲ್ಲಿ ಅಕ್ಷರ ಸುಧಾರಿಸಿತಲ್ಲ ಮಾರಾಯ್ರೆ, ಟ್ಯೂಷನ್ನಿಗೆ ಹೋದ್ರಾ?" ಎಂದರು. ಸಿಸ್ಟರನ್ನು ಕೇಳುವ ಧೈರ್ಯ ಬರಲಿಲ್ಲ. ನಾಲ್ಕನೆಯ ವಾರ ನಾನು ನನಗೆ ಏನೂ ಇಡಲಿಲ್ಲ. ಇನ್ನೊಂದು ಪೊಟ್ಟಣ ಬರಬಹುದೆಂದು ಕಾದೆ. ಡಸ್ಟರ್ ಇತ್ತು. ಮೊದಲ ವಾರ ಖಾಲಿ ಡ್ರಾಯರ್ ನೋಡಿದಾಗ ಆಗದ ಬೇಜಾರು ಆವತ್ತು ಆಯಿತು.

ಕಾರ್ಯಕ್ರಮದ ದಿನ ಬಂತು. ಮಕ್ಕಳು, ಪೋಷಕರು, ಎರಡನೇ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟ ವಸುಧಾ. ದೇವದೂತರಾದ ಐದನೇ ಕ್ಲಾಸಿನವರ ರೆಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮೂವರು ಒಟ್ಟಿಗೇ ಪ್ರತ್ಯಕ್ಷರಾದರು. ಗೌಡ ಮೇಷ್ಟ್ರು ಕೆಂಪು ಕೋಟು, ಹತ್ತಿಯ ಗಡ್ಡ ಹಾಕಿ ಸಾಂತಾ ಆಗಿ ಬಂದು ಮಿಠಾಯಿ ಎಸೆದರು. ಕ್ರಿಕೆಟ್ ಎಸೆತದ ಅಭ್ಯಾಸ ಇದ್ದುದರಿಂದ ಹಿಂದಿನ ಸಾಲಿನವರಿಗೂ ಪೆಟ್ಟು ಬಿತ್ತು. ಆಮೇಲೆ ಕ್ರಿಸ್‌ಮಸ್ ಫ್ರೆಂಡ್. ಕ್ರಮ ಹೀಗೆ: ಸಿಸ್ಟರ್ ತಮ್ಮ ಫ್ರೆಂಡ್ ಹೆಸರು ಹೇಳಿ ಉಡುಗೊರೆ ಕೊಡುತ್ತಾರೆ, ಪಡೆದವರು ತಮ್ಮ ಫ್ರೆಂಡ್ ಹೆಸರು ಹೇಳುತ್ತಾರೆ, ಅವರು ಇನ್ನೊಬ್ಬರದು. ಲವೀನಾ ಟೀಚರ್ ವೇದಿಕೆಯ ಹಲಗೆಯ ಮೇಲೆ ಎಲ್ಲರ ಹೆಸರನ್ನು ವೃತ್ತವಾಗಿ ಬರೆದು, ಒಬ್ಬರಿಂದ ಒಬ್ಬರಿಗೆ ಬಾಣ ಎಳೆಯುತ್ತಾ ಹೋದರು. ನಾನು ಕೈಯಲ್ಲಿ ಒಂದು ಪೊಟ್ಟಣ ಹಿಡಿದು ನಿಂತಿದ್ದೆ. ವಸುಧಾ ಆರಿಸಿದ ಮಫ್ಲರು, ನನ್ನಿಂದ ನನಗೆ. ಯಾರಾದರೂ ಒಬ್ಬರು ಗೈರುಹಾಜರಾಗಿರಲಿ, ಅವರ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತೇನೆ ಎಂದು ಬೇಡಿಕೊಂಡಿದ್ದೆ. ಎಲ್ಲರೂ ಬಂದಿದ್ದರು.

ಬಾಣಗಳು ಸುತ್ತಿಕೊಂಡು ಸಿಸ್ಟರ ಹೆಸರಿಗೇ ವಾಪಸು ಬಂದವು. ಒಂದೇ ಸುತ್ತೋ, ನಡುವೆ ಎರಡು ಸುತ್ತೋ ನೆನಪಿಲ್ಲ. ಕೊನೆಗೆ ಹಲಗೆಯ ಮೇಲೆ ಹದಿಮೂರು ಹೆಸರು ಬಾಣಗಳಿಂದ ಹೆಣೆದುಕೊಂಡಿದ್ದವು, ನನ್ನದೊಂದು ಬಾಣವಿಲ್ಲದೆ ಒಂಟಿಯಾಗಿತ್ತು. ಲವೀನಾ ಟೀಚರ್ ಚಾಕ್‌ಪೀಸ್ ಹಿಡಿದು ನಿಂತರು. ಗಣಿತದವರಿಗೆ ಉತ್ತರ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅವರ ಕಣ್ಣು ದೊಡ್ಡವಾದವು.

"ಮಾಷ್ಟ್ರೆ, ನಿಮ್ಮ ಫ್ರೆಂಡ್ ಯಾರು?" ಎಂದರು ಸಿಸ್ಟರ್.

ಸುಳ್ಳು ಹೇಳಲು ಹದಿಮೂರು ಹೆಸರೂ ಖರ್ಚಾಗಿದ್ದವು. "ನಾನೇ ಸಿಸ್ಟರ್" ಎಂದೆ. ಮೈಕಿನಲ್ಲಿ.

ಸಾಂತಾ ಗಡ್ಡ ಕೆಳಗೆ ಎಳೆದುಕೊಂಡು ಗರ್ಜಿಸಿದ: "ಹಂಗಾರೆ ‘ಮಕ್ಕಳು ಧನ್ಯರು’ ಅಂತ ಬರ್ಕಂಡದ್ದು ನೀವೇನಾ!" ನಗುವಿಗೆ ಸಭಾಂಗಣದ ಸೂರು ಹಾರಿಹೋಯಿತು. ಏನೆಂದು ಅರ್ಥವಾಗದ ಎಲ್‌ಕೆಜಿ ಮಕ್ಕಳೂ ಬಿದ್ದು ಬಿದ್ದು ನಕ್ಕವು. ವಸುಧಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಈ ಸಲ ಒಗ್ಗರಣೆ ಇರಲಿಲ್ಲ. ಲವೀನಾ ಟೀಚರ್ ನನ್ನ ಹೆಸರಿನಿಂದ ಒಂದು ಬಾಣ ಎಳೆದು, ಬಗ್ಗಿಸಿ, ನನ್ನ ಹೆಸರಿಗೇ ತಂದು ಮುಟ್ಟಿಸಿದರು. ಕಿವಿಯ ಬುಗುಡಿಯ ಹಾಗೆ ಕಂಡಿತು. ಸಿಸ್ಟರ್ ಬೆನೀಟಾ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ನಾಲ್ಕು ವಾರ ಒಬ್ಬರೇ ಹೇಗೆ ಕಷ್ಟಪಟ್ಟಿರಿ ಮಾರಾಯ್ರೆ!" ಎಂದರು. ಗೌಡ ಮೇಷ್ಟ್ರು ಮಫ್ಲರನ್ನು ಬಿಚ್ಚಿ ಎಲ್ಲರ ಎದುರು ನನ್ನ ಕುತ್ತಿಗೆಗೆ ಸುತ್ತಿ, ಹತ್ತಿಯ ಗಡ್ಡ ಸಮೇತ ತಬ್ಬಿಕೊಂಡರು. ಆರು ತಿಂಗಳಿಂದ ತೀರ್ಮಾನವಾಗದಿದ್ದ ನನ್ನ ಸ್ಥಾನ ಅಲ್ಲಿಗೆ ಇತ್ಯರ್ಥವಾಯಿತು. ಆ ಶಾಲೆ ಬಿಡುವವರೆಗೆ ನಾನು ಧನ್ಯ ಮೇಷ್ಟ್ರೇ.

ಆದರೆ ನಗು ಇಳಿಯುತ್ತಿದ್ದಂತೆ ನಾನು ಮತ್ತೆ ಮೈಕು ಹಿಡಿದು, "ಮೂರನೇ ವಾರದ ಪೊಟ್ಟಣ ಮಾತ್ರ ನನ್ನದಲ್ಲ. ಅದು ಯಾರದು?" ಎಂದು ಕೇಳಿದೆ. "ಬಿಡಿ ಮಾರಾಯ್ರೆ, ಇನ್ನೆಂತ ನಾಚಿಕೆ!" ಎಂದರು ಗೌಡರು. ಸುಳ್ಳನ್ನು ಒಂದು ತಿಂಗಳು ನಂಬಿದ್ದ ಜನ, ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ. ಸಿಸ್ಟರ್ ಸಭೆಯ ಕಡೆ ತಿರುಗಿ, "ಇಟ್ಟವರು ಇದ್ರೆ ಎದ್ದು ನಿಲ್ಲಿ" ಎಂದರು. ಯಾರೂ ಏಳಲಿಲ್ಲ. ಒಂದು ಮಗು ಎದ್ದು ನಿಂತಿತು. ಅದಕ್ಕೆ ಬಾತ್‌ರೂಮಿಗೆ ಹೋಗಬೇಕಿತ್ತು. ಕೇಕ್ ಕತ್ತರಿಸಿದರು.

ಎಷ್ಟೋ ವರ್ಷದ ಮೇಲೆ ನರಸಿಂಹರಾಜಪುರದಲ್ಲಿ ಒಂದು ಮದುವೆಯಲ್ಲಿ ಲವೀನಾ ಟೀಚರ್ ಸಿಕ್ಕಿದರು. ಪೊಟ್ಟಣದ ವಿಷಯ ಕೇಳಿದೆ. ಅವರು ಬಹಳ ಯೋಚಿಸಿ, "ಗೌಡ ಮೇಷ್ಟ್ರ ಗಡ್ಡ ಕಳಚಿ ಕೇಕಿನ ಮೇಲೆ ಬಿದ್ದದ್ದು ನೆನಪಿದೆ ಸರ್. ನೀವು ಆ ವರ್ಷ ಇದ್ರಾ?" ಎಂದರು. ವಸುಧಾಳನ್ನು ಕೇಳಿದರೆ ಪೊಟ್ಟಣದಲ್ಲಿ ನೆವ್ರಿ ಇದ್ದದ್ದು ಐದು ಎನ್ನುತ್ತಾಳೆ. ಇರಬಹುದು, ತಿಂದವಳು ಅವಳು. ಚೀಟಿಯನ್ನು ಜೋಪಾನವಾಗಿ ಒಂದು ಪುಸ್ತಕದೊಳಗೆ ಇಟ್ಟಿದ್ದೆ, ಯಾವ ಪುಸ್ತಕವೋ ತಿಳಿಯದು. ಒಮ್ಮೊಮ್ಮೆ ಅದನ್ನೂ ನಾನೇ ಬರೆದು ಮರೆತೆನೇ ಎಂಬ ಅನುಮಾನ ಬರುತ್ತದೆ. ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನನ್ನ ಬಗ್ಗೆ ಬರೆಯುವಾಗ ನಾನು ಎರಡು ವಾಕ್ಯಕ್ಕೆ ನಿಲ್ಲಿಸುವವನಲ್ಲ. ಅದಕ್ಕೆ ಈ ಪ್ರಬಂಧವೇ ಸಾಕ್ಷಿ. ಹಾಗಾದರೆ ಬರೆದವರು ಯಾರು? ನನಗೆ ಗೊತ್ತಿಲ್ಲ.